ಫೋನು ಹಿಡಿದು ಕೂತ ಖಾಲಾಗೆ

ಆಫ್ರಿಕಾದ ಮಲಾವಿಯಲ್ಲಿ ನಾವು ಮೊದಲು ಕಲಿತ ಮಾತು ‘ಜಿಕೊಮೊ’. ಉಪಕಾರವಾಯ್ತು ಅಂತ ಅರ್ಥ. ಸಂತೆಯಲ್ಲಿ ಉಪ್ಪು ಕೊಂಡರೂ ಜಿಕೊಮೊ, ಬೋರಿನ ಹತ್ತಿರ ಯಾರಾದರೂ ಕೊಡ ಎತ್ತಿ ತಲೆ ಮೇಲಿಟ್ಟರೂ ಜಿಕೊಮೊ. ಹೆಣ್ಣುಮಕ್ಕಳು ಮೊಣಕಾಲು ತುಸು ಬಗ್ಗಿಸಿ, ಎರಡೂ ಅಂಗೈ ಮೆಲ್ಲಗೆ ತಟ್ಟಿ ಹೇಳುತ್ತಾರೆ. ನಮ್ಮ ಬೀದರಿನ ಓಣಿಯಲ್ಲಿ ಹಾಗಲ್ಲ. ಪಕ್ಕದ ಮನೆಯವರು ಬಟ್ಟಲು ಸಕ್ಕರೆ ಕೊಟ್ಟಾಗ ‘ಧನ್ಯವಾದ’ ಅಂದರೆ, ‘ಯಾಕವ್ವ, ನಾವೇನು ಹೊರಗಿನವರಾ?’ ಅಂತ ಮುಖ ಸಣ್ಣ ಮಾಡುತ್ತಾರೆ. ಬಾಯಲ್ಲಿ ಹೇಳಿದರೆ ಮುನಿಸಿಕೊಳ್ಳುವವರಿಗೆ ಬರೆದಾದರೂ ಹೇಳೋಣ ಅಂತ ಕೂತಿದ್ದೇನೆ.

2015ರ ಫೆಬ್ರವರಿಯಲ್ಲಿ ಮಂಗಲಪೇಟೆಯ ಚರ್ಚಿನ ಮುಂದೆ ನೀವೆಲ್ಲ ನಿಂತು ಪ್ರಾರ್ಥನೆ ಮಾಡಿ ನಮ್ಮ ಗಂಡ ಹೆಂಡತಿ ಇಬ್ಬರನ್ನೂ ಮಲಾವಿಗೆ ಸೇವೆಗೆ ಕಳಿಸಿದಿರಿ. ಈಗ ಹತ್ತು ವರ್ಷ ತುಂಬಿದೆ. ಮೂರು ತಿಂಗಳ ರಜೆಯ ಮೇಲೆ ಬಂದಿದ್ದೇವೆ, ಮತ್ತೆ ಹೋಗುತ್ತೇವೆ. ಅಲ್ಲಿ ಇವರು ಹುಡುಗರಿಗೆ ಪಾಠ ಮಾಡುವುದು, ನಾನು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವುದು ಎಲ್ಲ ನಮ್ಮ ಪತ್ರಗಳಲ್ಲಿ ಓದಿದ್ದೀರಿ. ಅವ್ವನ ಕಾಯಿಲೆಯೂ ನಿಮಗೆ ಗೊತ್ತು, ನನಗಿಂತ ಹತ್ತಿರದಿಂದ ನೋಡಿದವರು ನೀವೇ. ಅದನ್ನು ಮತ್ತೆ ಬರೆಯುವುದಿಲ್ಲ.

ಹತ್ತು ವರ್ಷ ತಪ್ಪದೆ ಕಾಣಿಕೆ ಕಳಿಸಿದ ಸಭೆಯವರಿಗೆ, ಬರುವವರ ಕೈಯಲ್ಲಿ ಶೇಂಗಾ ಹಿಂಡಿ, ಕೆಂಪು ಖಾರ ಕಟ್ಟಿ ಕಳಿಸಿದ ಅಕ್ಕಂದಿರಿಗೆ, ಎರಡು ಸಲ ನಡುರಾತ್ರಿ ಹೈದರಾಬಾದ್ ಏರ್‌ಪೋರ್ಟಿಗೆ ಗಾಡಿ ಓಡಿಸಿದ ಅಣ್ಣನಿಗೆ, ಪರ್ಮಿಟ್ಟಿನ ಕಾಗದ ಸಿಕ್ಕಿಕೊಂಡು ಕೈಯಲ್ಲಿ ಕಾಸಿಲ್ಲದಿದ್ದಾಗ ತಿಂಗಳುಗಟ್ಟಲೆ ಉದ್ರಿ ಕೊಟ್ಟ ಮಲಾವಿಯ ಲಿಂಬೆ ಎಂಬ ಪೇಟೆಯ ಗುಜರಾತಿ ಅಂಗಡಿಯವರಿಗೆ, ಯಾದಗಿರಿಯ ಅತ್ತೆ ಮಾವನಿಗೆ ನಮ್ಮಿಬ್ಬರ ವಂದನೆ. ನಿಮ್ಮೆಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ನಾವಿರುವ ಹಳ್ಳಿ ಬ್ಲಾಂಟೈರ್ ಪಟ್ಟಣದಿಂದ ಮುಲಾಂಜೆ ಬೆಟ್ಟದ ಕಡೆ ಹೋಗುವ ದಾರಿಯಲ್ಲಿದೆ. ಅಲ್ಲಿ ದಿನದ ಊಟ ನ್ಸಿಮಾ, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಜೋಳದ ರೊಟ್ಟಿ ತಿಂದು ಬೆಳೆದವಳಿಗೆ ಮೊದಮೊದಲು ಅದು ಗಂಟಲಿಗೆ ಇಳಿಯುತ್ತಿರಲಿಲ್ಲ. ನಾವು ಅಲ್ಲಿಗೆ ಹೋದ ವರ್ಷವೇ ಒಂದು ದಿನ ಪಕ್ಕದ ಮನೆಯ ಅಜ್ಜಿ ಪಾತ್ರೆಯ ಮುಚ್ಚಳ ತೆಗೆದಳು. ಒಳಗೆ ಹಸಿ ತೊಗರಿಕಾಳು ಇಡಿಯಾಗಿ ಕುದಿಯುತ್ತಿತ್ತು. ಉಪ್ಪು, ಟೊಮ್ಯಾಟೊ, ಅಷ್ಟೇ. ಅಲ್ಲಿ ಅದಕ್ಕೆ ನಂಡೋಲೊ ಅನ್ನುತ್ತಾರೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ತಿಂದ ಭಜ್ಜಿಯ ವಾಸನೆ ಬಂತು. ನಾನು ಅಲ್ಲೇ ಒಲೆ ಮುಂದೆ ಕೂತು ಅತ್ತೆ. ಅಜ್ಜಿ ನನಗೆ ಕಣ್ಣಿಗೆ ಹೊಗೆ ತಾಗಿತು ಅಂದುಕೊಂಡು ಬೀಸಿದಳು. ನಮ್ಮಲ್ಲಿ ಡಿಸೆಂಬರ್, ಜನವರಿಗೆ ರಾಶಿಯಾಗುವ ತೊಗರಿ ಅಲ್ಲಿ ಜುಲೈ, ಆಗಸ್ಟಿಗೆ ಬರುತ್ತದೆ. ಬೆಳೆದದ್ದರಲ್ಲಿ ಬಹಳ ಪಾಲು ಹಡಗು ಹತ್ತುವುದು ನಮ್ಮ ದೇಶಕ್ಕೇ. 2017ರಲ್ಲಿ ಭಾರತ ಸರ್ಕಾರ ತೊಗರಿ ಆಮದಿಗೆ ಮಿತಿ ಹಾಕಿದಾಗ ಅಲ್ಲಿ ರೇಟು ನೆಲ ಕಚ್ಚಿತು. ಹಳ್ಳಿಯವರು ನಮ್ಮ ಮನೆಗೆ ಬಂದು, ‘ನಿಮ್ಮವರು ಯಾಕೆ ಕೊಳ್ಳುತ್ತಿಲ್ಲ, ನಾವೇನು ತಪ್ಪು ಮಾಡಿದೆವು?’ ಅಂತ ಕೇಳಿದರು. ಅದೇ ವರ್ಷ ಯಾದಗಿರಿಯಿಂದ ಮಾವನ ಫೋನು: ಬೆಳೆ ಭರ್ಜರಿ ಬಂದದೆ, ರೇಟು ಬಿದ್ದದೆ, ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲು ಕರಗುತ್ತಿಲ್ಲ. ಎರಡೂ ಕಡೆಯ ರೈತರು ನಮ್ಮವರೇ. ಯಾರ ಪರ ಪ್ರಾರ್ಥನೆ ಮಾಡಬೇಕು ಅಂತ ಇವರು ಆ ರಾತ್ರಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಇವರ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಪರದೇಶದಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರೆ ಇಡೀ ಊರಿನ ಕನ್ನಡ ಅಂದರೆ ಅವರಿಬ್ಬರ ಬಾಯಲ್ಲಿರುವಷ್ಟೇ. ಒಬ್ಬರು ಮುನಿಸಿಕೊಂಡರೆ ಆ ದಿನ ಊರಲ್ಲಿ ಕನ್ನಡವೇ ಇಲ್ಲ. ಒಮ್ಮೆ ಮೂರು ದಿನ ಮಾತು ಬಿಟ್ಟಿದ್ದೆವು. ಕಾರಣ ಈಗ ನೆನಪಿಲ್ಲ. ಮೂರನೇ ದಿನ ಸಂಜೆ ಅದೇ ಅಜ್ಜಿ ಬಾಗಿಲು ತಟ್ಟಿ, ‘ನಿಮ್ಮ ಭಾಷೆ ಕೇಳಿಸುತ್ತಿಲ್ಲ, ಎಲ್ಲ ಸರಿ ಇದೆಯಾ?’ ಅಂದಳು. ಒಂದು ಅಕ್ಷರ ತಿಳಿಯದಿದ್ದರೂ ಗೋಡೆಯಾಚೆ ನಮ್ಮ ಕನ್ನಡ ಅವಳಿಗೆ ರೂಢಿಯಾಗಿತ್ತು. ಇವರು ನಕ್ಕು, ‘ಏನು ಸಾರು ಮಾಡಿದಿ?’ ಅಂದರು. ಹತ್ತು ವರ್ಷ ನನ್ನ ಜೊತೆ ಕನ್ನಡ ಮಾತಾಡಿದ್ದಕ್ಕೆ ಇವರಿಗೆ ಋಣಿ.

ಈಗ ಖಾಲಾ.

ನಮ್ಮ ಮನೆಯೆದುರಿನ ಹಸಿರು ಬಾಗಿಲಿನ ಖಾಲಾ, ಅಂದರೆ ನಮ್ಮ ಮಾತಿನಲ್ಲಿ ಚಿಕ್ಕವ್ವ, ನಿಮಗೆಲ್ಲ ಗೊತ್ತು. ಅವ್ವ ಟೀಚರ್ ಆಗಿದ್ದಾಗ ಖಾಲಾನ ಮಕ್ಕಳು ನಾಲ್ವರೂ ನಮ್ಮ ಪಡಸಾಲೆಯಲ್ಲೇ ಮಗ್ಗಿ ಕಲಿತರು. ರಂಜಾನಿಗೆ ಆಕಡೆಯಿಂದ ಶೀರ್ ಖುರ್ಮಾ, ಕ್ರಿಸ್ಮಸ್‌ಗೆ ಈಕಡೆಯಿಂದ ಕರ್ಜಿಕಾಯಿ. ಅಪ್ಪ ತೀರಿದ ಮೇಲೆ, ನಾನೂ ಹೊರಟ ಮೇಲೆ, ಅವ್ವನ ಮನೆಯ ಇನ್ನೊಂದು ಕೀಲಿ ಖಾಲಾನ ಸೆರಗಿನ ಗಂಟಿನಲ್ಲಿತ್ತು. ನಾನು ಒಬ್ಬಳೇ ಮಗಳು. ‘ನೀ ದೇವರ ಕೆಲಸಕ್ಕ ಹೋಗಲತ್ತಿ, ಅವ್ವನ ಚಿಂತಿ ನಂಗ ಬಿಡು’ ಅಂತ ಖಾಲಾ ಅವತ್ತು ಅಂದದ್ದನ್ನು ನಾನು ಬೀಳ್ಕೊಡುವವರು ಹೇಳುವ ಮಾತು ಅಂದುಕೊಂಡಿದ್ದೆ.

2023ರ ಮಾರ್ಚ್ 12, ಭಾನುವಾರ. ಆಸ್ಪತ್ರೆಯವರು ಅವ್ವನನ್ನು ಮನೆಗೆ ಕರೆದುಕೊಂಡು ಹೋಗಿ ಅಂದು ಎರಡು ದಿನವಾಗಿತ್ತು. ಖಾಲಾ ಮರುದಿನ ಹುಮನಾಬಾದಿಗೆ ಮಗಳ ಮನೆಗೆ ಹೋಗುವವಳಿದ್ದಳು, ಬಟ್ಟೆ ಕಟ್ಟಿಟ್ಟದ್ದನ್ನು ಬಿಚ್ಚಿ ನಮ್ಮ ಮನೆಗೆ ಬಂದು ಕೂತಳು. ಅಲ್ಲಿ ಮಲಾವಿಯಲ್ಲಿ ಫ್ರೆಡ್ಡಿ ಚಂಡಮಾರುತದ ಮಳೆ. ನಮ್ಮೂರಿನ ಮಳೆಗಾಲ ಕಂಡವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಮಳೆ ಬೀಳುತ್ತಿರಲಿಲ್ಲ, ಗುಡ್ಡವೇ ಕರಗಿ ನೀರಾಗಿ ಬರುತ್ತಿತ್ತು. ಕರೆಂಟು ಹೋಗಿತ್ತು. ಒಂದು ಫೋನಿನಲ್ಲಿ ಅರ್ಧ ಚಾರ್ಜು. ನಮಗೂ ಬೀದರಿಗೂ ಮೂರೂವರೆ ಗಂಟೆಯ ಅಂತರ, ಇಲ್ಲಿ ನಡುರಾತ್ರಿ ದಾಟಿದಾಗ ಅಲ್ಲಿ ನಾವು ರಾತ್ರಿಯ ಊಟದ ಪಾತ್ರೆ ತೊಳೆಯುವ ಹೊತ್ತು.

ಖಾಲಾ ಫೋನನ್ನು ತನ್ನ ಓಢಣಿಯಿಂದ ಮಂಚದ ಸರಳಿಗೆ ಕಟ್ಟಿದ್ದಳು, ಎರಡೂ ಕೈ ಖಾಲಿ ಇರಲಿ ಅಂತ. ಪರದೆಯಲ್ಲಿ ನನಗೆ ಕಾಣುತ್ತಿದ್ದದ್ದು ಅವ್ವನ ಅರ್ಧ ಮುಖ, ಒಂದು ಸ್ಟೀಲ್ ಚಮಚ, ಖಾಲಾನ ಮೂರು ಬಳೆ. ಚಮಚದ ತುದಿಯಿಂದ ತುಟಿ ಒದ್ದೆ ಮಾಡುವುದು, ಸೆರಗಿನಿಂದ ಒರೆಸುವುದು, ಮತ್ತೆ ಒದ್ದೆ ಮಾಡುವುದು. ಚಿತ್ರ ನಿಂತುಹೋಗಿ ಬರೀ ದನಿ ಉಳಿದಾಗ ಖಾಲಾ ಹೇಳುತ್ತಾ ಹೋದಳು: ‘ಉಸುರು ಆಡಲತ್ತದ ಬೇಟಿ. ಈಗ ನೀರ ಹಾಕಿದೆ. ಈಗ ಕಾಲಿಗಿ ಎಣ್ಣಿ ತಿಕ್ಕಲತ್ತೀನಿ, ಥಂಡ್ ಆಗ್ಯಾವ. ಈಗ ಕಣ್ ತೆಗದಾಳ, ಮಾತಾಡು, ನೀ ಮಾತಾಡು.’ ನಾನು ಏನು ಮಾತಾಡಿದೆನೋ. ಹೊಲಿಗೆ ಕ್ಲಾಸಿನ ಸುದ್ದಿ ಹೇಳಿದೆ. ಊಟಕ್ಕೆ ಏನು ಮಾಡಿದ್ದೆ ಅಂತ ಹೇಳಿದೆ. ಅವ್ವ ಚಿಕ್ಕಂದಿನಲ್ಲಿ ಕಲಿಸಿದ ಸ್ತೋತ್ರ ಹಾಡಿದೆ, ಮಳೆಯ ಸದ್ದಿಗೆ ಕಿರುಚಿ ಹಾಡಿದೆ. ಇವರು ಟಾರ್ಚು ಹಿಡಿದು ಪಕ್ಕದಲ್ಲಿ ನಿಂತಿದ್ದರು. ಬೀದರಿನಲ್ಲಿ ಮೂರು ಗಂಟೆಯಾದಾಗ ಲೈನು ಹೋಯಿತು.

ಮತ್ತೆ ಸಿಗ್ನಲ್ ಸಿಕ್ಕಿದ್ದು ಬುಧವಾರ ಮಧ್ಯಾಹ್ನ. ಅಷ್ಟರಲ್ಲಿ ಅವ್ವನಿಗೆ ಮಣ್ಣು ಕೊಟ್ಟು ಎರಡು ದಿನವಾಗಿತ್ತು.

ಆ ಎರಡು ದಿನ ನಾನು ‘ಅವ್ವನನ್ನು ಉಳಿಸು’ ಅಂತ ಬೇಡುತ್ತಿದ್ದೆ. ಸತ್ತವಳಿಗಾಗಿ. ಇದನ್ನು ನಾನು ಯಾವ ಪತ್ರದಲ್ಲೂ ಬರೆದಿಲ್ಲ. ಸೇವೆಗೆ ಹೋದವರು ಹೀಗೆ ಅನ್ನಬಾರದೇನೋ, ಆದರೆ ಆ ವಾರ ನಾನು ದೇವರ ಜೊತೆ ಮಾತು ಬಿಟ್ಟೆ. ಪರರ ತಾಯಂದಿರ ಕಣ್ಣೀರು ಒರೆಸಲು ಅಷ್ಟು ದೂರ ಬಂದು, ನನ್ನ ತಾಯಿಯ ಬಾಯಿಗೆ ಹನಿ ನೀರು ಬಿಡಲು ನಾನಿರಲಿಲ್ಲ. ಯಾಕೆ ಬಂದೆ, ಯಾರು ಬಾ ಅಂದರು ಅಂತ ಇವರ ಮೇಲೆ ಹರಿಹಾಯ್ದೆ. ಇವರು ಒಂದೂ ಮಾತು ತಿರುಗಿ ಆಡಲಿಲ್ಲ.

ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಆ ಸಂಜೆ ಬಂದರು. ಫ್ರೆಡ್ಡಿಯಿಂದ ಮಲಾವಿಯಲ್ಲಿ 600ಕ್ಕೂ ಹೆಚ್ಚು ಜನ ಸತ್ತರು, ಸಿಗದೇ ಹೋದವರು ನೂರಾರು. ಬಂದವರಲ್ಲಿ ಇಬ್ಬರ ಮನೆ ನೆಲಸಮವಾಗಿತ್ತು. ಸಾವಿನ ಮನೆಗೆ ಬರಿಗೈಲಿ ಬರಬಾರದು ಅಂತ ಒಬ್ಬೊಬ್ಬರೂ ತಟ್ಟೆಯಲ್ಲಿ ಒಂದೊಂದು ಹಿಡಿ ಹಿಟ್ಟು ತಂದಿದ್ದರು, ಸೊಂಟಕ್ಕೆ ಸುತ್ತುವ ಚಿತೆಂಜೆ ಬಟ್ಟೆಯ ತುದಿ ಮುಚ್ಚಿಕೊಂಡು. ಅವರ ಮನೆಯಲ್ಲಿ ಉಳಿದ ಹಿಟ್ಟು ಎಷ್ಟು ಅಂತ ನನಗೆ ಗೊತ್ತಿತ್ತು. ‘ಪೆಪಾನಿ, ಮಾಯಿ’ ಅಂದರು. ಅಯ್ಯೋ ತಾಯಿ, ಅಂತ. ತಾವು ಎಂದೂ ಕಾಣದ ನನ್ನ ತಾಯಿಗಾಗಿ ರಾತ್ರಿಯಿಡೀ ನೆಲದ ಮೇಲೆ ಕೂತು ಹಾಡಿದರು. ಅವರಿಗೆ ಈ ಬರಹ ಓದಲು ಬರುವುದಿಲ್ಲ. ಹೋದ ಮೇಲೆ ಮೊಣಕಾಲು ಬಗ್ಗಿಸಿ ಹೇಳುತ್ತೇನೆ.

ಪರ್ಮಿಟ್ಟು, ಟಿಕೆಟ್ಟಿನ ದುಡ್ಡು, ಬಿದ್ದ ಮನೆಗಳನ್ನು ಎಬ್ಬಿಸುವ ಕೆಲಸ ಎಲ್ಲ ಸೇರಿ ನಾನು ಊರಿಗೆ ಬರಲು ಎರಡು ವರ್ಷ ಹಿಡಿಯಿತು. ಬಂದ ಮೂರನೇ ದಿನ ಖಾಲಾ ಚಹಾ ಹಿಡಿದು ಬಂದು ಪಡಸಾಲೆಯಲ್ಲಿ ಕೂತಳು. ಕಪ್ಪು ಮುಟ್ಟಲಿಲ್ಲ. ‘ಬೇಟಿ, ಒಂದು ಮಾಫಿ ಕೇಳೂದದ’ ಅಂದಳು.

ಅವತ್ತು ಲೈನು ಹೋದದ್ದು ಅವಳಿಗೆ ಕೂಡಲೇ ಗೊತ್ತಾಗಿದೆ. ಹಲೋ ಹಲೋ ಅಂದಿದ್ದಾಳೆ, ಮತ್ತೆ ಮತ್ತೆ ಹಚ್ಚಿದ್ದಾಳೆ. ಹತ್ತಲಿಲ್ಲ. ಅಷ್ಟರಲ್ಲಿ ಅವ್ವ ಕಣ್ಣು ಮುಚ್ಚಿಕೊಂಡೇ ನನ್ನನ್ನು ಕರೆದಿದ್ದಾಳೆ. ಚಿಕ್ಕಂದಿನ ಹೆಸರು ಹಿಡಿದು, ‘ಬಂದಿಯೇನವ್ವಾ?’ ಅಂದಿದ್ದಾಳೆ. ಖಾಲಾ ಕತ್ತಲಾದ ಫೋನನ್ನೂ ಅವ್ವನನ್ನೂ ನೋಡಿದ್ದಾಳೆ. ಆಮೇಲೆ ಅವ್ವನ ಕೈ ಹಿಡಿದು, ದನಿ ಸಣ್ಣ ಮಾಡಿ, ನಾನು ಮಾತಾಡುವ ಹಾಗೆ ‘ಬಂದೀನಿ ಅವ್ವ’ ಅಂದಿದ್ದಾಳೆ. ಅವ್ವ, ‘ಉಂಡಿ?’ ಅಂದಳಂತೆ. ‘ಉಂಡೀನಿ.’ ‘ಅಂವ?’ ‘ಅವರೂ ಉಂಡಾರ.’ ಅಷ್ಟೇ. ಬೆಳಗಿನ ಅಜಾನ್ ಕೂಗುವ ಮೊದಲು ಅವ್ವ ಹೋದಳು.

‘ನಿನ್ನ ಹೆಸರಿಲೆ ಸುಳ್ಳು ಹೇಳೀನಿ. ಸಾಯೋರ ಮುಂದ. ನಿಮ್ಮ ಪ್ರಾರ್ಥನಿ ನಂಗ ಬರಂಗಿಲ್ಲ, ಮತ್ತೇನು ಹೇಳಬೇಕು ತಿಳೀಲಿಲ್ಲ’ ಅಂದಳು ಖಾಲಾ. ಎರಡು ವರ್ಷ ಈ ಮಾತನ್ನು ಎದೆಯಲ್ಲಿಟ್ಟುಕೊಂಡು, ಫೋನಿನಲ್ಲಿ ಹೇಳುವ ಮಾತಲ್ಲ ಅಂತ ಕಾದಿದ್ದಾಳೆ.

ನಾನು ಅವಳ ತೊಡೆಯ ಮೇಲೆ ತಲೆ ಇಟ್ಟೆ. ಬಹಳ ಹೊತ್ತಿನ ಮೇಲೆ, ಅಷ್ಟು ಹೊತ್ತು ಫೋನು ಯಾಕೆ ಹಿಡಿದಿದ್ದೆ ಖಾಲಾ, ಮಲಗಬಾರದಿತ್ತಾ ಅಂದೆ. ಆಗ ತನ್ನ ಗಂಡನ ಮಾತು ತೆಗೆದಳು. ಸೌದಿಗೆ ದುಡಿಯಲು ಹೋದವರು ಅಲ್ಲೇ ತೀರಿಕೊಂಡರು, ಅಲ್ಲೇ ದಫನ್ ಆಯಿತು, ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇಷ್ಟು: ಕೊನೆಯ ರಾತ್ರಿ ಪಕ್ಕದಲ್ಲಿ ಯಾರಿದ್ದರು, ನೀರು ಕೇಳಿದರೋ ಇಲ್ಲವೋ ಅಂತ ಅವಳಿಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ. ‘ನಂಗ ಯಾರೂ ಫೋನ್ ಹಿಡೀಲಿಲ್ಲ ಬೇಟಿ’ ಅಂದಳು. ಆಮೇಲೆ ಚಹಾ ಆರಿತು ಅಂತ ಬಿಸಿ ಮಾಡಲು ಎದ್ದು ಹೋದಳು.

ನಿನ್ನೆ ಮೂವರೂ ಅವ್ವನ ಸಮಾಧಿಗೆ ಹೋಗಿ ಬಂದೆವು. ಖಾಲಾ ಹುಲ್ಲು ಕಿತ್ತಳು, ನಾನು ನೀರು ಹಾಕಿದೆ. ಇವರು ಕಲ್ಲಿನ ಮೇಲಿನ ಧೂಳು ಒರೆಸಿದರು.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಶೆಡ್ಡಿನಲ್ಲಿ ಊಟ ಇಟ್ಟಿದ್ದೇವೆ. ಎಲ್ಲರೂ ಬರಬೇಕು. ಅನ್ನ ಸಾರು ಯುವಜನರು ಮಾಡುತ್ತಾರೆ. ರೊಟ್ಟಿ ಮತ್ತು ಪುಂಡಿಪಲ್ಲೆ ತನ್ನದು ಅಂತ ಖಾಲಾ ಹಟ ಹಿಡಿದು ನಿನ್ನೆಯೇ ಜೋಳ ಬೀಸಿಸಿಕೊಂಡು ಬಂದಿದ್ದಾಳೆ. ಒಲೆಯ ಹತ್ತಿರ ಹೋದವರು ಅವಳಿಗೊಂದು ಸಲಾಂ ಹೇಳಿ. ನಾನು ಹೇಳಿದರೆ ಹೊರಗಿನವಳು ಮಾಡಿದಿ ಅಂತ ಬೈಯುತ್ತಾಳೆ.