ನಮ್ಮ ಜೀಪು ಮತ್ತೆ ಮಿಲಿಟರಿ ಜೀಪಾಯ್ತು: ಕೈ ಹಚ್ಚಿದವರಿಗೆಲ್ಲ ನಮಸ್ಕಾರ

ಎರಡನೇ ಮಹಾಯುದ್ಧದ ಕಾಲದ ನಮ್ಮ ಹಳೇ ಜೀಪನ್ನು ಮತ್ತೆ ಮೊದಲಿನ ರೂಪಕ್ಕೆ ತಂದಿದ್ದೇವೆ. ಹೋದ ಭಾನುವಾರ ಅದು ತುಮಕೂರಿನಿಂದ ಹೊರಟು ದೇವರಾಯನದುರ್ಗದ ಏರು ಹತ್ತಿ, ಯಾರ ಕೈಲೂ ತಳ್ಳಿಸಿಕೊಳ್ಳದೆ ವಾಪಸ್ ಬಂತು. ಫೋಟೊ ನೋಡಿದ ತುಂಬಾ ಜನ ನನಗೆ ಶಭಾಷ್ ಅಂದಿದ್ದಾರೆ. ಖುಷಿಯಾಯ್ತು. ಆದರೆ ಅದರಲ್ಲಿ ನನ್ನ ಪಾಲು ಕಡಿಮೆ. ನಾನು ದುಡ್ಡು ಕೊಟ್ಟೆ, ಎಲ್ಲರ ತಲೆ ತಿಂದೆ, ಅಷ್ಟೆ. ಕೆಲಸ ಮಾಡಿದವರು ಬೇರೆ. ಹೆಸರು ಹಾಕೋದು ಬೇಡ ಅಂತ ಅವರೇ ಹೇಳಿದ್ದಾರೆ. ಹಾಗಾಗಿ ಅವರ ಕೆಲಸ ಹೇಳಿ ನಮಸ್ಕಾರ ಮಾಡುತ್ತೇನೆ.

ಮೊದಲ ನಮಸ್ಕಾರ ಈ ಜೀಪನ್ನು ‘ಕೆಡಿಸಿದ’ ಮೇಸ್ತ್ರಿಗೆ. ಮಧುಗಿರಿಯವರು, ಈಗ ತುಂಬಾ ವಯಸ್ಸಾಗಿದೆ. 1980ರ ದಶಕದಲ್ಲಿ ಇದರ ಪೆಟ್ರೋಲ್ ಎಂಜಿನ್ ಇಳಿಸಿ, ಮಹೀಂದ್ರ ಜೀಪಿಗೆ ಬರುತ್ತಿದ್ದ ಪ್ಯೂಜೋ ಡೀಸೆಲ್ ಎಂಜಿನ್ ಕೂರಿಸಿದ್ದು ಅವರೇ. ಹಿಂದಿನ ತಗಡು ಕೊಯ್ದು ಬಾಗಿಲು ಮಾಡಿದ್ದು, ಎರಡೂ ಪಕ್ಕ ಬೆಂಚು ಹಾಕಿದ್ದು, ಭಾರ ತಡೆಯಲಿ ಅಂತ ಕಮಾನ್ ಪಟ್ಟಿ ಜಾಸ್ತಿ ಮಾಡಿದ್ದು, ಎಲ್ಲಾ ಅವರ ಕೈಕೆಲಸ. ಹಳೇ ಗಾಡಿ ಹುಚ್ಚಿನವರು ಇಂಥದ್ದನ್ನು ಕಂಡರೆ ಹಲ್ಲು ಕಡಿಯುತ್ತಾರೆ. ನನಗೆ ಸಿಟ್ಟು ಬರಲ್ಲ. ಆಗ ಇದು ಪಾವಗಡದ ಕಡೆಯಿಂದ ಕಡ್ಲೆಕಾಯಿ ಮೂಟೆ ತರುತ್ತಿತ್ತು, ಸಿದ್ಧಗಂಗೆ ಜಾತ್ರೆಗೆ ಜನ ಹೊರುತ್ತಿತ್ತು. ಪೆಟ್ರೋಲ್ ಕುಡಿಯುವ ಗಾಡಿಯನ್ನು ಅಜ್ಜ ಸುಮ್ನೆ ನಿಲ್ಲಿಸಿಕೊಂಡು ಕೂರುವ ಜಾತಿಯವರಲ್ಲ. ಡೀಸೆಲ್ ಹಾಕದೇ ಹೋಗಿದ್ದರೆ ಗುಜರಿಗೆ ಹೋಗುತ್ತಿತ್ತು. ಅದರ ಜೊತೆಗಿದ್ದ ಎಷ್ಟೋ ಜೀಪುಗಳು ಹಾಗೇ ಹೋದವು.

ಅವರು ಮಾಡಿದ ಇನ್ನೊಂದು ಕೆಲಸ ನಮಗೆ ಗೊತ್ತೇ ಇರಲಿಲ್ಲ. ಇಳಿಸಿದ ಎಂಜಿನ್ನಿನ ಪ್ಲಗ್ ತೂತುಗಳಲ್ಲಿ ಎಣ್ಣೆ ಹುಯ್ದು, ತೆರೆದ ಬಾಯಿಗಳಿಗೆಲ್ಲ ಮರದ ಬೆಣೆ ಹೊಡೆದು, ಗೋಣಿ ಸುತ್ತಿ, ಗುಬ್ಬಿಯ ಹತ್ತಿರ ದೊಡ್ಡಪ್ಪನ ತೆಂಗಿನ ತೋಟದ ಪಂಪ್‌ಹೌಸಿನಲ್ಲಿ ಇಡಿಸಿದ್ದರು. ನಾನು ಅಂಥದ್ದೇ ಪೆಟ್ರೋಲ್ ಎಂಜಿನ್ ಹುಡುಕುತ್ತಾ ಊರೂರು ಅಲೆಯುತ್ತಿದ್ದೆ. ಡೀಸೆಲ್ ಎಂಜಿನ್ ತೆಗೆಯೋದು ಹೇಗೆ ಅಂತ ಕೇಳೋಣ ಅಂತ ಇವರ ಮನೆಗೆ ಹೋದರೆ, “ಅದನ್ನ ಯಾಕಪ್ಪಾ ಹುಡುಕ್ತೀಯ, ನಿಮ್ಮ ದೊಡ್ಡಪ್ಪನ್ನ ಕೇಳು” ಅಂದರು. ದೊಡ್ಡಪ್ಪ ಅದರ ಮೇಲೆ ಹಗ್ಗ, ಮಟ್ಟೆ, ಪೈಪು ಪೇರಿಸಿ ಮರೆತೇಬಿಟ್ಟಿದ್ದರು. ಆದರೆ ಅಷ್ಟು ವರ್ಷ ಯಾವ ಗುಜರಿಯವನಿಗೂ ಕೊಟ್ಟಿರಲಿಲ್ಲ. ದೊಡ್ಡಪ್ಪ, ನಿಮಗೂ ನಮಸ್ಕಾರ.

ಈ ಜೀಪು ಯಾವುದು ಅಂತ ಕೇಳಿದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧಕ್ಕೆ ಅಮೆರಿಕ ಇಂಥ ಆರು ಲಕ್ಷಕ್ಕೂ ಜಾಸ್ತಿ ಜೀಪು ಮಾಡಿಸಿತು. ವಿಲ್ಲಿಸ್ ಕಂಪನಿ ಎಂಬಿ ಹೆಸರಲ್ಲಿ ಮಾಡಿತು. ಅದೇ ನಕ್ಷೆಯ ಮೇಲೆ ಫೋರ್ಡ್ ಜಿಪಿಡಬ್ಲ್ಯೂ ಮಾಡಿತು. ನಮ್ಮ ಮನೆಯಲ್ಲಿ ಇದನ್ನು ಎಲ್ಲರೂ ವಿಲ್ಲಿಸ್ ಅಂತಲೇ ಕರೆಯುತ್ತಿದ್ದರು, ಕಾಗದದಲ್ಲೂ ಹಾಗೇ ಇತ್ತು. ಟಿಂಕರಿಂಗ್ ಭಾಯ್ ಬಣ್ಣದ ಪದರ ಕೆರೆಯುತ್ತಾ ಹೋದಾಗ ಬೋಲ್ಟಿನ ತಲೆಗಳ ಮೇಲೆ ‘ಎಫ್’ ಅಕ್ಷರ ಸಿಕ್ಕಿತು. ಆಮೇಲೆ ಚಾಸಿಯ ಮುಂದಿನ ಅಡ್ಡಪಟ್ಟಿ ನೋಡಿದೆವು. ವಿಲ್ಲಿಸ್‌ನಲ್ಲಿ ಅದು ದುಂಡಗಿನ ಪೈಪು. ನಮ್ಮದು ಬೋರಲು ಹಾಕಿದ ಚಾನೆಲ್, ಅಂದರೆ ಯು ಆಕಾರದ ಪಟ್ಟಿ. ಎಡಗಡೆ ಚಾಸಿಯ ನೆತ್ತಿಯ ಮೇಲೆ ಜಿಪಿಡಬ್ಲ್ಯೂ ಅಂತ ಗುದ್ದಿದ ನಂಬರೂ ಇತ್ತು. ಅಲ್ಲಿಗೆ ಫೋರ್ಡ್ ಅಂತ ಖಾತ್ರಿಯಾಯ್ತು. ಆವತ್ತು ಭಾಯ್ ಅಂಗಡಿಯಲ್ಲಿ ಎಲ್ಲರಿಗೂ ಅವರದೇ ಖರ್ಚಲ್ಲಿ ಟೀ!

ಎಂಜಿನ್ ನಂಬರ್ ಚಾಸಿ ನಂಬರಿಗೆ ತಾಳೆ ಆಗಲಿಲ್ಲ. ಫೋರ್ಡ್‌ನವರು ಎರಡಕ್ಕೂ ಒಂದೇ ನಂಬರ್ ಗುದ್ದುತ್ತಿದ್ದರು. ಸೈನ್ಯದ ವರ್ಕ್‌ಶಾಪಿನಲ್ಲಿ ಎಂಜಿನ್ ಅದಲು ಬದಲಾಗುತ್ತಿದ್ದದ್ದು ಮಾಮೂಲು, ಹಾಗೇ ಆಗಿರಬೇಕು. ಇದೂ ಆ ಗಾಡಿಯ ಚರಿತ್ರೆಯೇ ಅಲ್ವಾ? ಎಂಜಿನ್ 2.2 ಲೀಟರಿನದು, ನಾಲ್ಕು ಸಿಲಿಂಡರ್, 60 ಅಶ್ವಶಕ್ತಿ. ಎಣ್ಣೆ ಕುಡಿದು ಮಲಗಿದ್ದರಿಂದ ಪಿಸ್ಟನ್ ಕಚ್ಚಿಕೊಂಡಿರಲಿಲ್ಲ. ಬೋರಿಂಗ್ ಮಾಡಿದ ಲೇತ್ ಅಣ್ಣನಿಗೆ ಬೇಕಾದ ಕೆಲವು ಸಾಮಾನು ಹಳೇ ಮಹೀಂದ್ರ ಪೆಟ್ರೋಲ್ ಜೀಪಿನಿಂದಲೇ ಸಿಕ್ಕಿತು. ಅದರ ಹರಿಕೇನ್ ಎಂಜಿನ್ ಹುಟ್ಟಿದ್ದೇ ಈ ಎಂಜಿನ್ನಿನ ವಂಶದಲ್ಲಿ, ಬೋರು (ಸಿಲಿಂಡರಿನ ಅಗಲ), ಸ್ಟ್ರೋಕು (ಪಿಸ್ಟನ್ ಓಡುವ ಉದ್ದ) ಎರಡೂ ಒಂದೇ. ವಾಲ್ವ್ ಜೋಡಣೆ ಮಾತ್ರ ಬೇರೆ. ಇಳಿಸಿದ ಡೀಸೆಲ್ ಎಂಜಿನ್ನನ್ನು ಮಾರಲು ಮನಸ್ಸು ಬರಲಿಲ್ಲ. ಅದಕ್ಕೂ ಎಣ್ಣೆ ಹುಯ್ದು ದೊಡ್ಡಪ್ಪನ ಪಂಪ್‌ಹೌಸಿಗೇ ಕಳಿಸಿದ್ದೇವೆ. ದೊಡ್ಡಮ್ಮನಿಗೆ ಮಾತ್ರ ಇದು ಇಷ್ಟವಾಗಿಲ್ಲ.

ಭಾಯ್ ಬಗ್ಗೆ ಇನ್ನೊಂದು ಮಾತು. ಮುಂದಿನ ಜಾಲರಿ ಪುಣ್ಯಕ್ಕೆ ಉಳಿದಿತ್ತು, ಒಂಬತ್ತು ಸೀಳಿನದು. ಯುದ್ಧ ಮುಗಿದ ಮೇಲೆ ಬಂದ ಸಿವಿಲ್ ಜೀಪಿಗೆ ಏಳೇ ಸೀಳು. ಆದರೆ ಹೆಡ್‌ಲೈಟಿನ ಕೀಲು ಎರಡೂ ಹೋಗಿದ್ದವು. ಮಿಲಿಟರಿ ಜೀಪಿನಲ್ಲಿ ಲೈಟನ್ನು ಹಿಂದಕ್ಕೆ ಮಗುಚಿ ಎಂಜಿನ್ ಮೇಲೆ ಬೆಳಕು ಬೀಳುವ ಹಾಗೆ ಮಾಡಬಹುದು, ಕತ್ತಲಲ್ಲಿ ರಿಪೇರಿ ಮಾಡೋಕೆ. ಭಾಯ್ ಬರೀ ಫೋಟೊ ನೋಡಿ ಆ ಕೀಲನ್ನು ಮಾಡಿದರು. ಹಿಂದಿನ ತಗಡನ್ನೂ ಹೊಸದಾಗಿ ಬಡಿದು ಕೂರಿಸಿದರು. ಬೆಸುಗೆ ಎಲ್ಲಿದೆ ಅಂತ ನನಗೇ ಹುಡುಕಲು ಬರಲ್ಲ.

ಮೀಟರ್ ಸರಿಮಾಡಿದ ಹಿರಿಯರು ನಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿತು. ಈಗ ಆ ಜಾಗ ಇಸ್ರೋ ಕೈಲಿದೆ. ಇವರ ಕೈ ಮಾತ್ರ ಇನ್ನೂ ಸಣ್ಣ ಹಲ್ಲಿನ ಚಕ್ರ ಕಂಡರೆ ಬಿಡಲ್ಲ. ಗಂಟೆಗೆ 60 ಮೈಲಿವರೆಗೆ ಗೀಟು ಹಾಕಿದ ಆ ಸ್ಪೀಡೋಮೀಟರ್ ಬಿಚ್ಚಿ, ತೊಳೆದು, ಮುಳ್ಳು ನಡುಗದ ಹಾಗೆ ಮಾಡಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಒಂದು ರೌಂಡ್ ಕೂರಿಸಿಕೊಂಡು ಹೋಗು ಅಂದರು.

ಕಾಗದದ ಕೆಲಸದಲ್ಲಿ ತಾಳ್ಮೆಯಿಂದ ದಾರಿ ತೋರಿಸಿದ ಮೇಡಂ ಅವರಿಗೂ ಧನ್ಯವಾದ. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ಬರಲೇಬೇಕು, ಸುಮ್ನೆ ಹಾಕಿಕೊಂಡು ಓಡಿಸುವ ಹಾಗಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು. ದಿನದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ನಾನೂ ಅದಕ್ಕೇ ಅರ್ಜಿ ಹಾಕಿದ್ದೇನೆ. ಒಂದು ವಿಷಯದಲ್ಲಿ ಮಾತ್ರ ನಾವು ಮೂಲ ಬಿಟ್ಟಿದ್ದೇವೆ. ಇದು ಎಡಗಡೆ ಸ್ಟೀರಿಂಗ್ ಗಾಡಿ. ನಮ್ಮ ಮೋಟಾರು ವಾಹನ ಕಾಯ್ದೆ ಪ್ರಕಾರ ಅಂಥ ಗಾಡಿಗೆ ಸಿಗ್ನಲ್ ಇರಲೇಬೇಕು. ಹಾಗಾಗಿ ಇಂಡಿಕೇಟರ್ ಹಾಕಿಸಿದೆ. 1940ರ ದಶಕದ ಜೀಪಿಗೆ ಇಂಡಿಕೇಟರಾ ಅಂತ ನಗುವವರು ನಗಲಿ. ಬಿ.ಎಚ್. ರಸ್ತೆಯಲ್ಲಿ ಸಂಜೆ ಹೊತ್ತು ಒಂದು ಸಲ ಬಲಕ್ಕೆ ತಿರುಗಿಸಿ ನೋಡಲಿ.

ಮತ್ತೆ 6 ವೋಲ್ಟಿಗೆ ವೈರಿಂಗ್ ಎಳೆದ ಹುಡುಗನಿಗೆ, ಟಾರ್ಪಾಲ್ ಹುಡ್ ಹೊಲಿದ ಅಕ್ಕನಿಗೆ, ಮಬ್ಬು ಹಸಿರು ಬಣ್ಣ ನಾಲ್ಕು ತರಹ ಕಲಸಿ ತೋರಿಸಿದ ಪೇಂಟರಿಗೆ, ಅಷ್ಟು ದಿನ ಸ್ಕೂಟರನ್ನು ಬೀದಿಯಲ್ಲೇ ನಿಲ್ಲಿಸಿದ ನನ್ನ ಹೆಂಡತಿಗೆ, ಎಲ್ಲರಿಗೂ ಥ್ಯಾಂಕ್ಸ್.

ಇನ್ನೂ ಒಂದು ಸಾಮಾನು ಬಾಕಿ ಇದೆ. ಎಡಗಡೆ ಮಡ್‌ಗಾರ್ಡ್ ಮೇಲೆ ಕೂರುವ, ಮೇಲೆ ರೆಪ್ಪೆಯಿರುವ ಸಣ್ಣ ಬ್ಲ್ಯಾಕ್‌ಔಟ್ ಲೈಟು. ಶತ್ರು ವಿಮಾನದ ಕಣ್ಣಿಗೆ ಬೀಳದೆ ರಾತ್ರಿ ಓಡಿಸಲು ಇಟ್ಟಿದ್ದು. ಶಿರಾ, ಕೊರಟಗೆರೆ, ಪಾವಗಡ ಕಡೆ ಯಾರ ಕೊಟ್ಟಿಗೆಯ ಅಟ್ಟದಲ್ಲಾದರೂ ಇದ್ದರೆ ಹೇಳಿ, ಬೆಲೆ ಕೊಟ್ಟು ತಗೊಳ್ಳುತ್ತೇನೆ. ಕೊಡಲು ಮನಸ್ಸಿಲ್ಲ ಅಂದರೆ ಅಳತೆ ತಗೊಳ್ಳಲು ಬಿಟ್ಟರೂ ಸಾಕು, ಭಾಯ್ ಜೊತೆ ಬರುತ್ತಾರೆ.