ಪೋಸ್ಟರ್ ಮುಂದೆ ನಿಲ್ಲಬೇಕಾದ ಮಗಳಿಗೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ನನ್ನ ದನಿ ಜೋರಾಯಿತು, ಬೇಜಾರು ಮಾಡಿಕೊಳ್ಳಬೇಡ. ಆದರೆ ಹೇಳಿದ್ದನ್ನು ವಾಪಸ್ ತಗೊಳ್ಳುವುದಿಲ್ಲ. ಸಮ್ಮೇಳನಕ್ಕೆ ನಿನ್ನ ಸಂಶೋಧನೆಯ ಪೋಸ್ಟರ್ ಆಯ್ಕೆಯಾಗಿದೆ, ವೀಸಾ ಬಂದಿದೆ. ಈಗ "ಆನ್‌ಲೈನಲ್ಲೇ ಮುಗಿಸುತ್ತೇನೆ, ಹೇಗೂ ಎಲ್ಲಾ ರೆಕಾರ್ಡಿಂಗ್ ಸಿಗುತ್ತದೆ" ಅಂದರೆ ಸುಮ್ನೆ ಇರಲಾ?

ಓದೋದಕ್ಕೆ ಸಿಗುತ್ತದೆ, ನಿಜ. ಪರಮಾಣು ತೂಕದ ಗೊಂದಲ ಬಿಡಿಸಿ ಇಟಲಿಯ ರಸಾಯನ ವಿಜ್ಞಾನಿ ಕನ್ನಿಜಾರೊ ಬರೆದದ್ದು 1858ರಲ್ಲೇ ಅಚ್ಚಾಗಿತ್ತು. ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 1860ರಲ್ಲಿ ರಸಾಯನ ವಿಜ್ಞಾನಿಗಳೆಲ್ಲ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದಾಗ ಆತ ಎದ್ದು ವಾದ ಮಾಡಿದ, ಕೊನೆಗೆ ಸ್ನೇಹಿತ ಪಾವೆಸಿ ಆ ಬರಹದ ಪ್ರತಿಗಳನ್ನು ಕೈಕೈಗೆ ಹಂಚಿದ. ಅಲ್ಲಿಗೆ ಬಂದಿದ್ದ ಲೋಥರ್ ಮೇಯರ್ ವಾಪಸ್ ಹೋಗುವ ದಾರಿಯಲ್ಲಿ ಓದಿದ, ಕಣ್ಣಿನ ಪೊರೆ ಕಳಚಿದಂತಾಯಿತು ಎಂದು ಮುಂದೆ ಬರೆದ. ಅದೇ ಸಭೆಯಲ್ಲಿ ಮೆಂಡಲೀವ್ ಕೂಡ ಇದ್ದ. 1869ರಲ್ಲಿ ಆತ ಮೂಲವಸ್ತುಗಳ ಆವರ್ತ ಕೋಷ್ಟಕ ಮಾಡಿದ ಅಂತ ನಿನಗೆ ಹೇಳಬೇಕಾ!

ಜೀನ್ ತಿದ್ದುವ ಕ್ರಿಸ್ಪರ್ ತಂತ್ರದ ಕಥೆಯೂ ಅಷ್ಟೇ. ಅದನ್ನು ರೂಪಿಸಿದ ವಿಜ್ಞಾನಿಗಳಾದ ಡೌಡ್ನಾ, ಶಾರ್ಪೆಂಟಿಯರ್ ಪರಿಚಯವಾದದ್ದು 2011ರಲ್ಲಿ, ಪೋರ್ಟೊರಿಕೊದ ಸಮ್ಮೇಳನದಲ್ಲಿ. ಹಳೇ ಸ್ಯಾನ್ ವಾನ್ ಬೀದಿಗಳಲ್ಲಿ ನಡೆಯುತ್ತಾ ಮಾತು ಬೆಳೆಯಿತು, ಮರುವರ್ಷ ಪೇಪರ್ ಬಂತು.

ಪಾಠ ಶುರುವಾಯಿತು ಅಂತ ನಗಬೇಡ. ನಿನ್ನ ಅಂಜಿಕೆ ನನಗೆ ಗೊತ್ತು. ಪೋಸ್ಟರ್ ಪಕ್ಕ ಒಬ್ಬಳೇ ನಿಲ್ಲಬೇಕು, ಜನ ಮೊದಲು ನಿನ್ನ ಬ್ಯಾಡ್ಜ್ ನೋಡುತ್ತಾರೆ, ಆಮೇಲೆ ಶೀರ್ಷಿಕೆ, ತಲೆಯಾಡಿಸಿ ಮುಂದೆ ಹೋಗುತ್ತಾರೆ. ಒಂದು ಗಂಟೆ ಹಾಗೇ ಕಳೆಯಬಹುದು. ಆಗ ಫೋನ್ ತೆಗೆಯಬೇಡ, ದಯವಿಟ್ಟು. ಫೋನ್ ನೋಡುತ್ತಾ ನಿಂತವರನ್ನು ಯಾರೂ ಮಾತಾಡಿಸುವುದಿಲ್ಲ. ಯಾರೋ ಒಬ್ಬರು ನಿಲ್ಲುತ್ತಾರೆ, ಮೂರನೇ ಗ್ರಾಫಿನಲ್ಲಿ ಅಳತೆಯ ಅನಿಶ್ಚಿತತೆ ತೋರಿಸುವ ಗೆರೆಯ ಮೇಲೆ ಬೆರಳಿಟ್ಟು "ಈ ಎರರ್ ಬಾರ್ ಯಾಕೆ ಇಷ್ಟುದ್ದ?" ಅನ್ನುತ್ತಾರೆ. ನೀನು ತಡವರಿಸುತ್ತೀಯ. ಅವರು "ನಾವೂ ಇದನ್ನೇ ಮಾಡಿದೆವು, ಕೆಟ್ಟುಹೋಯಿತು, ಬಿಟ್ಟೆವು" ಅನ್ನಬಹುದು. ಕೆಟ್ಟುಹೋದ ಪ್ರಯೋಗ ಪೇಪರಿನಲ್ಲಿ ಬರುವುದೇ ಅಪರೂಪ, ರೆಕಾರ್ಡಿಂಗಿನಲ್ಲಂತೂ ಇಲ್ಲ. ಕಾಫಿ ಹಿಡಿದು ನಿಂತಾಗಲೇ ಬಾಯಿಬಿಡುತ್ತಾರೆ. ಯಾರೂ ಬರದೇ ಇದ್ದರೂ, ಪಕ್ಕದ ಪೋಸ್ಟರಿನವರೂ ನಿನ್ನ ಹಾಗೇ ಒಬ್ಬರೇ ನಿಂತಿರುತ್ತಾರಲ್ವಾ? ಅವರನ್ನೇ ಕೇಳು.

ವೀಸಾ ಸಿಗದವರಿಗೆ, ಎಳೆ ಮಗು ಇರುವವರಿಗೆ ಆನ್‌ಲೈನ್ ದೊಡ್ಡ ಉಪಕಾರ. ವಿಮಾನದ ಹೊಗೆಯ ಬಗ್ಗೆ ನೀನಂದದ್ದೂ ಸರಿ. ವರ್ಷಕ್ಕೆ ನಾಲ್ಕು ಬೇಡ, ಇದೊಂದಕ್ಕೆ ಹೋಗು. ನೀನು ಮನೆಯಲ್ಲಿ ಉಳಿಯುತ್ತಿರುವುದು ಹೊಗೆಗೆ ಹೆದರಿ ಅಲ್ಲ, ಅದೇ ನನಗೆ ಚಿಂತೆ.

ನಿನ್ನ ಸಂಶೋಧನೆಯ ಸಾರಾಂಶ, ಆ ಅಬ್‌ಸ್ಟ್ರಾಕ್ಟ್, ನಾನು ಎಷ್ಟು ಜನಕ್ಕೆ ಕಳಿಸಿದೆ ಅಂತ ಮಾತ್ರ ಕೇಳಬೇಡ. ಪೋಸ್ಟರ್ ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸು. ಮಡಚಿ ಕೈಚೀಲದಲ್ಲಿ ಇಡಬಹುದು, ಕಾಗದ ಸುತ್ತಿಟ್ಟ ಟ್ಯೂಬ್ ಆದರೆ ವಿಮಾನದಲ್ಲೇ ಮರೆತು ಇಳಿಯುತ್ತೀಯ.

ಅಮ್ಮ