ಆ ಪ್ಲೇಟು ಎಸೆಯಬೇಡ

ಮದ್ದೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನೀನು ಫೋನಿನಲ್ಲಿ ಅತ್ತಿದ್ದು ಕೇಳಿ ರಾತ್ರಿ ನಿದ್ದೆ ಹತ್ತಲಿಲ್ಲ. ಮಾನಸಗಂಗೋತ್ರಿಗೆ ಸೇರಿ ಆರು ತಿಂಗಳಾಗಿಲ್ಲ, ಆಗಲೇ ಪ್ರಾಜೆಕ್ಟ್ ಹಾಳಾಯ್ತು ಅಂದರೆ ಹೇಗೆ? ಬುಡ ಕೊಳೆತ ಎರಡು ಟೊಮೆಟೊ ಗಿಡದಿಂದ ಸ್ಕ್ಲೆರೋಷಿಯಂ ಬೂಷ್ಟು ತೆಗೆದು, ಲ್ಯಾಬಿನಲ್ಲಿ ಬೂಷ್ಟು ಬೆಳೆಸುವ ಒಂದೇ ಪ್ಲೇಟಿನಲ್ಲಿ ಎದುರುಬದುರು ಇಟ್ಟೆ. ನಡುವೆ ಗೆರೆ ಬಿತ್ತು. ಏನೋ ಸೇರಿಕೊಂಡಿದೆ ಅಂತ ಎಸೆಯೋಕೆ ಹೊರಟಿದ್ದೀಯ. ಅದು ಬದು ಕಣಮ್ಮ.

ಬೂಷ್ಟಿನ ಎಳೆಗಳು ಎದುರಾದರೆ ಬೆಸೆದುಕೊಳ್ಳುತ್ತವೆ. ಒಳಗಿನ ರಸ, ನ್ಯೂಕ್ಲಿಯಸ್ಸು ಎಲ್ಲ ಹಂಚಿಕೆ. ಆದರೆ ಗುರುತಿನ ಜೀನ್‌ಗಳಲ್ಲಿ ಒಂದು ಬೇರೆಯಾದರೂ ಸಾಕು, ಬೆಸೆದ ಕೋಶ ಅಲ್ಲೇ ಸಾಯುತ್ತದೆ. ಹಾಗೆ ಸತ್ತ ಜಾಗವೇ ನಿನ್ನ ಪ್ಲೇಟಿನ ಗೆರೆ. ನ್ಯೂರೋಸ್ಪೊರ ಅನ್ನೋ ಬೂಷ್ಟಿನಲ್ಲಿ ಇಂಥ ಜೀನ್ ಹತ್ತಕ್ಕೂ ಜಾಸ್ತಿ. ಕಬ್ಬು ಕಡಿದು ತರಗಿಗೆ ಬೆಂಕಿ ಹಾಕಿದ ಮೇಲೆ ಸುಟ್ಟ ಕೂಳೆಯ ಮೇಲೆ ಕಿತ್ತಳೆ ಪುಡಿ ಬರುತ್ತಲ್ಲ, ಕುಂಕುಮ ಅಂತ ಹಣೆಗಿಟ್ಟುಕೊಂಡು ಅಜ್ಜಿ ಹತ್ತಿರ ಬೈಸಿಕೊಂಡಿದ್ದೆಯಲ್ಲ, ಅದೇ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಮೇಶ್ ಮಹೇಶ್ವರಿ ಅವರು ಕಬ್ಬಿನ ಗದ್ದೆಯಲ್ಲೇ ಅದರ ಬಾಳುವೆ ನೋಡಿ 1996ರಲ್ಲಿ ಬರೆದಿದ್ದಾರೆ. ಹುಡುಕಿ ಓದು.

ತನ್ನ ಕೋಶವನ್ನೇ ಕೊಲ್ಲುವ ಗುಣ ಯಾಕೆ ಉಳಿಯಿತು? ನನಗೆ ಒಪ್ಪಿಗೆಯಾಗುವ ಉತ್ತರ ವೈರಸ್ಸು. ಬೆಸೆದರೆ ಪಕ್ಕದವನ ವೈರಸ್ಸೂ ಒಳಗೆ ಬರುತ್ತೆ; ಬೆಸೆದ ಕೋಶ ಸತ್ತರೆ ಅದು ಹೆಚ್ಚಾಗಿ ಅಲ್ಲೇ ನಿಲ್ಲುತ್ತೆ. ಅಮೆರಿಕದ ಚೆಸ್ಟ್‌ನಟ್ ಮರಗಳನ್ನು ತಿಂದ ಬೂಷ್ಟನ್ನೇ ನೋಡು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡಿದ್ದು. ಅದರಲ್ಲಿ ಎರಡೆರಡು ಬಗೆಯ ಗುರುತಿನ ಜೀನ್ ಆರು ಗೊತ್ತಾಗಿವೆ. ಲೆಕ್ಕ ಹಾಕು, ಎರಡನ್ನು ಆರು ಸಲ ಗುಣಿಸಿದರೆ 64 ಗುಂಪು. ಆರೂ ಗುರುತು ಒಂದೇ ಆದವು ಒಂದು ಗುಂಪು, ಅವು ತಮ್ಮೊಳಗೆ ಸಾಯದೆ ಬೆಸೆಯುತ್ತವೆ. ಯುರೋಪಿನಲ್ಲಿ ಗುಂಪು ಕಡಿಮೆ. ಬೂಷ್ಟಿನ ಸೊಕ್ಕು ಇಳಿಸುವ ವೈರಸ್ಸು ಎಳೆಯಿಂದ ಎಳೆಗೆ ಹಬ್ಬಿ ಎಷ್ಟೋ ಮರ ಚೇತರಿಸಿಕೊಂಡವು. ಅಮೆರಿಕದಲ್ಲಿ ಗುಂಪು ಜಾಸ್ತಿ, ಹೆಚ್ಚು ಕಡೆ ವೈರಸ್ಸು ಬದು ದಾಟಲಿಲ್ಲ. ಹೊಸ ಗುರುತಿನವನಿಗೆ ಅಕ್ಕಪಕ್ಕದ ಯಾರ ಕಾಯಿಲೆಯೂ ಅಂಟೋದು ಕಷ್ಟ. ಅಪರೂಪವಾಗಿರೋದೇ ಲಾಭ, ಅದಕ್ಕೇ ಬಗೆಗಳು ಅಳಿಯಲ್ಲ.

ತಮಾಷೆ ಅಂದರೆ, ಇದೇ ನ್ಯೂರೋಸ್ಪೊರ ಸಂತಾನಕ್ಕೆ ಮಾತ್ರ ಬೇರೆ ಬಗೆಯ ಜೊತೆಗಾರನನ್ನೇ ಕೇಳುತ್ತದೆ. ನಮ್ಮ ಗೋತ್ರದ ಲೆಕ್ಕ!

ಈಗ ಕೆಲಸಕ್ಕೆ ಬಾ. ಪ್ಲೇಟಿನ ಫೋಟೊ ತೆಗೆದು ತಾರೀಕು ಬರೆದಿಡು. ಆಮೇಲೆ ಪ್ರತಿ ಬೂಷ್ಟನ್ನೂ ಅದರದೇ ತುಂಡಿನ ಎದುರು ಬೆಳೆಸು. ಅಲ್ಲಿ ಗೆರೆ ಬರದೆ, ಇಬ್ಬರನ್ನು ಎದುರಿಟ್ಟಾಗ ಮಾತ್ರ ಮತ್ತೆ ಮತ್ತೆ ಬಂದರೆ, ಗೈಡ್ ಮುಂದೆ ಧೈರ್ಯವಾಗಿ ಇಡು. ನಾನೂ ಪಾಠ ಮಾಡುತ್ತಿದ್ದ ಕಾಲದಲ್ಲಿ ಇಂಥ ಎರಡು ಪ್ಲೇಟು ಸುಮ್ನೆ ತೊಳೆದುಬಿಟ್ಟಿದ್ದೆ. ಈಗಲೂ ಹೊಟ್ಟೆ ಉರಿಯುತ್ತೆ.

ಭಾನುವಾರ ಬಾ. ಕೆಳಗದ್ದೆಯ ತರಗು ಸುಟ್ಟು ನಾಲ್ಕು ದಿನ ಆಯ್ತು, ಕೂಳೆ ಮೇಲೆ ಬಣ್ಣ ಕಾಣಿಸ್ತಿದೆ.

ನಿನ್ನ
ದೊಡ್ಡಪ್ಪ